ಅಪ್ಪಣೆ ಪಾಲಿಸಿದವನ ಹೊಣೆ

ಪ್ರಶ್ನೆ: ಎರಡನೇ ಮಹಾಯುದ್ಧದ ಬಳಿಕ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ನಂತರ ‘ಮೇಲಿನವರು ಹೇಳಿದರು, ಮಾಡಿದೆ’ ಎಂಬ ವಾದ ನಡೆಯುವುದಿಲ್ಲ ಎನ್ನುತ್ತಾರೆ. ಆದರೆ ಆದೇಶದಂತೆ ಗುಂಡು ಹಾರಿಸಿದ ಸೈನಿಕನದು ಅಪರಾಧವಲ್ಲ ಎಂದು ನಮ್ಮ ನ್ಯಾಯ ಸಂಹಿತೆಯಲ್ಲೇ ಇದೆಯಲ್ಲ?
– ಕಾನೂನು ವಿದ್ಯಾರ್ಥಿನಿ, ತುಮಕೂರು

ಉತ್ತರ: ಭಾರತೀಯ ನ್ಯಾಯ ಸಂಹಿತೆಯ 14ನೇ ಕಲಮಿನ ಆ ಉದಾಹರಣೆಯನ್ನು ಕೊನೆಯವರೆಗೆ ಓದಿ. ಗುಂಡು ಹಾರಿಸಿದ್ದು ಕಾನೂನಿನ ಅಪ್ಪಣೆಗೆ ಅನುಸಾರವಾಗಿ ಎಂಬ ಮಾತು ಅಲ್ಲಿದೆ. ಸೈನಿಕನನ್ನು ಕಾಯುವುದು ಕಾನೂನು, ಅಧಿಕಾರಿಯ ಬಾಯಿಮಾತಲ್ಲ.

ಇನ್ನು ನ್ಯೂರೆಂಬರ್ಗ್ ನ್ಯಾಯಾಲಯವನ್ನು ಸ್ಥಾಪಿಸಿದ 1945ರ ಆಗಸ್ಟ್ 8ರ ಲಂಡನ್ ಸನ್ನದು. ಆದೇಶವಿತ್ತು ಎಂದ ಮಾತ್ರಕ್ಕೆ ಹೊಣೆ ತಪ್ಪದು, ನ್ಯಾಯವೆನಿಸಿದರೆ ಶಿಕ್ಷೆ ತಗ್ಗಿಸಬಹುದು ಎನ್ನುತ್ತದೆ ಅದರ 8ನೇ ವಿಧಿ. ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವಾಗ ಸಲ್ಲದ ವಾದ, ಶಿಕ್ಷೆಯ ಪ್ರಮಾಣ ನಿಗದಿಯಾಗುವಾಗ ಸಲ್ಲಬಹುದು. ಉತ್ತರಪತ್ರಿಕೆಯಲ್ಲಿ ಹಲವರು ಎಡವುವುದು ಇಲ್ಲೇ. ಆ ನ್ಯಾಯಾಲಯದ 1946ರ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಆದೇಶವಿತ್ತೇ ಎಂಬುದು ಒರೆಗಲ್ಲಲ್ಲ, ಅವನಿಗೆ ನೈತಿಕ ಆಯ್ಕೆ ಸಾಧ್ಯವಿತ್ತೇ ಎಂಬುದು ಒರೆಗಲ್ಲು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಆಧಾರವಾದ 1998ರ ರೋಮ್ ಶಾಸನದ 33ನೇ ವಿಧಿ ಯುದ್ಧಾಪರಾಧಗಳಿಗೆ ಒಂದು ಸಣ್ಣ ಕಿಂಡಿ ಬಿಟ್ಟಿದೆ. ಆದರೆ ನರಮೇಧದ ಆದೇಶ ಕಾನೂನುಬಾಹಿರವೆಂದು ಗೊತ್ತಿರಲಿಲ್ಲ ಎನ್ನಲು ಯಾರಿಗೂ ಅವಕಾಶವಿಲ್ಲ. ಭಾರತ ಆ ಶಾಸನಕ್ಕೆ ಸೇರಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಕೃತ್ಯ ನಡೆದ ಮೇಲೆ ಕಾನೂನು ಬರೆದು ಶಿಕ್ಷಿಸಿದ್ದು ಸರಿಯೇ?
– ನಿವೃತ್ತ ಶಿಕ್ಷಕರು, ಮಾಲೂರು

ಉತ್ತರ: ಗಟ್ಟಿ ಆಕ್ಷೇಪ. ಜಪಾನಿನ ನಾಯಕರ ಮೇಲೆ ಟೋಕಿಯೊದಲ್ಲಿ ನಡೆದ ಇಂಥದೇ ವಿಚಾರಣೆಯಲ್ಲಿ 11 ನ್ಯಾಯಾಧೀಶರ ಪೈಕಿ ನಮ್ಮ ರಾಧಾಬಿನೋದ್ ಪಾಲ್ ಇದನ್ನೂ ಎತ್ತಿ, ಆರೋಪಿಗಳೆಲ್ಲರನ್ನೂ ಬಿಡಬೇಕೆಂದು ಭಿನ್ನ ತೀರ್ಪು ಬರೆದರು. ನಮ್ಮ ಸಂವಿಧಾನದ 20(1)ನೇ ವಿಧಿಯೂ ಅಂಥ ಶಿಕ್ಷೆಯನ್ನು ಒಪ್ಪದು. ಆದರೆ ಸೆರೆಸಿಕ್ಕವರನ್ನು ಕೊಲ್ಲಬಾರದೆಂಬ ನಿಯಮ 1907ರ ಹೇಗ್ ಒಪ್ಪಂದದಲ್ಲೇ ಇತ್ತು. ಆಕ್ಷೇಪ ನಿಜವಾಗಿ ತಾಗುವುದು ‘ಶಾಂತಿಯ ವಿರುದ್ಧದ ಅಪರಾಧ’, ಅಂದರೆ ಆಕ್ರಮಣಕಾರಿ ಯುದ್ಧ ಹೂಡಿದರು ಎಂಬ ಆರೋಪಕ್ಕೆ. ಗೆದ್ದವರ ಕೃತ್ಯಗಳು ಆ ಕಟಕಟೆಗೆ ಬರಲೇ ಇಲ್ಲ, ಆ ಕೊರತೆ ಇಂದಿಗೂ ತುಂಬಿಲ್ಲ.

ಪ್ರಶ್ನೆ: ತಂದೆಯವರನ್ನು ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಅವರಿಗೆ ಓದು ಬಾರದು. ಹೆಬ್ಬೆಟ್ಟು ಒತ್ತಿದರೆ ಸಾಕೇ?
– ಓದುಗರು, ಚಿಂತಾಮಣಿ

ಉತ್ತರ: ಸಾಲದು. ನಾಜಿ ಸೆರೆಶಿಬಿರಗಳಲ್ಲಿ ಕೈದಿಗಳ ಮೇಲೆ ಪ್ರಯೋಗ ನಡೆಸಿದ ಪ್ರಕರಣದಲ್ಲಿ ನ್ಯೂರೆಂಬರ್ಗ್‌ನಲ್ಲೇ 23 ಮಂದಿಯ ವಿಚಾರಣೆ ನಡೆದು, 1947ರ ಆಗಸ್ಟ್‌ನಲ್ಲಿ 16 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಆ ತೀರ್ಪಿನ 10 ಸೂತ್ರಗಳಲ್ಲಿ ಮೊದಲನೆಯದೇ ಸ್ವಇಚ್ಛೆಯ ಒಪ್ಪಿಗೆ. ನಿಮ್ಮ ತಂದೆಯವರ ಮುಂದಿರುವ ಕಾಗದದ ಬೇರು ಅಲ್ಲಿದೆ.

ಹೊಸ ಔಷಧಿ ಮತ್ತು ಅದರ ಪ್ರಯೋಗಗಳ ಕುರಿತ ನಮ್ಮ 2019ರ ನಿಯಮಗಳ ಪ್ರಕಾರ, ಓದಲಾರದವರಿಗೆ ವಿವರಿಸುವಷ್ಟು ಹೊತ್ತೂ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಕೊನೆಗೆ ಬಂದು ಸಹಿ ಹಾಕಿ ಹೋಗುವವರು ಸಾಕ್ಷಿಯಲ್ಲ. ವಿವರಣೆ ಕನ್ನಡದಲ್ಲಿರಲಿ, ಮನೆಮಾತು ತೆಲುಗಾದರೆ ತೆಲುಗಿನಲ್ಲಿರಲಿ. ದಾಖಲಾತಿಯ ಕಾಗದಗಳ ನಡುವೆ ಇದನ್ನೂ ಇಟ್ಟು ಹೆಬ್ಬೆಟ್ಟು ಕೇಳಿದರೆ ತಡೆಯಿರಿ, ಬೇರೆಯಾಗಿ ಓದಿಸಿಕೊಳ್ಳಿ. ಮಾಹಿತಿ ಪತ್ರ, ಸಹಿಯಾದ ಒಪ್ಪಿಗೆ ಪತ್ರ ಎರಡರ ಪ್ರತಿಯನ್ನೂ ಕೇಳಿ ಪಡೆಯಿರಿ. ಪ್ರಯೋಗದ ಮೇಲೆ ಕಣ್ಣಿಡುವ ನೈತಿಕ ಸಮಿತಿಯ ಫೋನ್ ನಂಬರ್ ಬರೆದುಕೊಳ್ಳಿ. ನಡುವೆ ಬೇಡವೆನಿಸಿದರೆ ತಂದೆಯವರು ಯಾವಾಗ ಬೇಕಾದರೂ ಹೊರಬರಬಹುದು. ಅದಕ್ಕೆ ಕಾರಣ ಹೇಳಬೇಕಿಲ್ಲ, ಅವರಿಗೆ ಸಿಗಬೇಕಾದ ಚಿಕಿತ್ಸೆಯೂ ನಿಲ್ಲುವಂತಿಲ್ಲ.