ಹಳೇ ಟೇಬಲ್ ಸಾಗೆ ಹೊಸ ಮೋಟಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಅಂಗಡಿಯೊಳಗ ಹಳೇ ಬೀಡಿನ ಟೇಬಲ್ ಸಾ (ಕಟ್ಟಿಗೆ ಕೊಯ್ಯೋ ಮಷೀನು) ಅದ. 10 ಇಂಚಿನ ಬ್ಲೇಡು, ಸಿಂಗಲ್ ಫೇಸ್ 2 ಎಚ್‌ಪಿ ಮೋಟಾರ್. ಮೋಟಾರ್ ಸುಟ್ಟದ, ಪ್ಲೇಟಿನ ಅಕ್ಷರ ಅಳಿಸ್ಯಾವ. ಮೋಟಾರಿನ ಪುಲ್ಲಿ 8 ಇಂಚು, ಬ್ಲೇಡ್ ಶಾಫ್ಟಿನದು 3 ಇಂಚು. ಅಂಗಡಿಯವರು 2880 ಆರ್‌ಪಿಎಂ (ನಿಮಿಷಕ್ಕ ಇಷ್ಟು ಸುತ್ತು) ಮೋಟಾರ್ ಕೊಡ್ತೀವಿ, ಇದ್ದ ಪುಲ್ಲಿನೇ ಹಾಕ್ಕೊಳ್ರಿ ಅಂತಾರ. ಹಾಕಬಹುದೇನ್ರಿ?
– ಬಡಿಗೇರೊಬ್ಬರು, ರಾಣೆಬೆನ್ನೂರು

ಉತ್ತರ: ಹಾಕಬೇಡಿ, ಅಪಾಯ. ನಿಮ್ಮ ಪುಲ್ಲಿಗಳ ಅಳತೆಯೇ ಹಳೇ ಮೋಟಾರಿನ ವೇಗ ಹೇಳುತ್ತದೆ. ಮೋಟಾರಿನ ಆರ್‌ಪಿಎಂ ಅನ್ನು ಅದರ ಪುಲ್ಲಿಯಿಂದ ಗುಣಿಸಿ, ಬ್ಲೇಡಿನ ಪುಲ್ಲಿಯಿಂದ ಭಾಗಿಸಿದರೆ ಬ್ಲೇಡಿನ ವೇಗ ಸಿಗುತ್ತದೆ. ಮೋಟಾರ್ 1440 ಆರ್‌ಪಿಎಂನದು ಎಂದುಕೊಂಡರೆ 1440×8÷3 ಅಂದರೆ 3840. 10 ಇಂಚಿನ ಬ್ಲೇಡಿಗೆ ಇದು ಒಪ್ಪುವ ವೇಗ. ಹಲ್ಲು ಸೆಕೆಂಡಿಗೆ ಸುಮಾರು 51 ಮೀಟರ್ ಓಡುತ್ತದೆ. ಆದ್ದರಿಂದ ಸುಟ್ಟದ್ದು 1440ರ ಮೋಟಾರೇ. ಅದೇ ಪುಲ್ಲಿಗೆ 2880 ಕೂರಿಸಿದರೆ ಬ್ಲೇಡು 7680ಕ್ಕೆ ಏರುತ್ತದೆ. ಬ್ಲೇಡಿನ ಮೇಲೆ ಕೊರೆದಿರುವ ಗರಿಷ್ಠ ಆರ್‌ಪಿಎಂ ಓದಿ ನೋಡಿ. ಅದನ್ನು ದಾಟಿದರೆ ಬೆಸೆದ ಹಲ್ಲು ಕಿತ್ತು ಮುಖಕ್ಕೆ ಸಿಡಿಯಬಹುದು.

ದಾರಿ ಎರಡಿವೆ. 1440ರ ಮೋಟಾರನ್ನೇ ತಂದರೆ ಪುಲ್ಲಿ, ಬೆಲ್ಟ್ ಎಲ್ಲ ಇದ್ದಂತೆಯೇ ಉಳಿಯಬಹುದು. ನಮ್ಮ ಸಲಹೆ ಇದೇ. 2880 ಬಿಟ್ಟು ಬೇರೆ ಸಿಗಲಿಲ್ಲವೆಂದರೆ ಮೋಟಾರಿನ ಪುಲ್ಲಿಯನ್ನು 4 ಇಂಚಿಗೆ ಇಳಿಸಿ, ಲೆಕ್ಕ ಮತ್ತೆ 3840ಕ್ಕೇ ಬರುತ್ತದೆ. ಆಗ ಇರುವ ಬೆಲ್ಟ್ ಆರೂವರೆ ಇಂಚಿನಷ್ಟು ಹೆಚ್ಚಾಗುತ್ತದೆ, ಅಷ್ಟು ಸಣ್ಣದು ಕೊಳ್ಳಬೇಕು.

ಕೊಳ್ಳುವ ಮುನ್ನ ಶಾಫ್ಟ್ ಅಳೆಯಿರಿ. 90 ಫ್ರೇಮಿನ (ಫ್ರೇಮ್ ಅಂದರೆ ಮೋಟಾರ್ ಮೈಯ ಅಳತೆ) ಮೋಟಾರಿಗೆ ಶಾಫ್ಟ್ 24 ಮಿ.ಮೀ., ಕೀ (ಪುಲ್ಲಿ ಜಾರದಂತೆ ಶಾಫ್ಟಿಗೆ ಕೂರಿಸುವ ಬೆಣೆ) 8 ಮಿ.ಮೀ., ತಳದಿಂದ ಶಾಫ್ಟಿನ ನಡುವಿಗೆ 90 ಮಿ.ಮೀ., ಕಾಲಿನ ಬೋಲ್ಟ್ ತೂತುಗಳ ಅಡ್ಡ ಅಂತರ 140 ಮಿ.ಮೀ. ಹಳೇ ಪುಲ್ಲಿಯ ತೂತು ಒಂದು ಇಂಚಿನದಾದರೆ ಸುಮಾರು ಒಂದೂವರೆ ಮಿ.ಮೀ. ಸಡಿಲ. ತಗಡು ಸುತ್ತಿ ಬಡಿದು ಕೂರಿಸುವುದು ನಮ್ಮ ಕಡೆ ನಡೆಯುತ್ತದೆ, ಆದರೆ ಪುಲ್ಲಿ ಓಲಾಡಿ ಕೀ ತಿಂದುಹೋಗುತ್ತದೆ, ಬೆಲ್ಟ್ ಒಂದೇ ಮಗ್ಗುಲು ಸವೆಯುತ್ತದೆ. ಹುಬ್ಬಳ್ಳಿ ಗೋಕುಲ ರಸ್ತೆಯ ಲೇತ್‌ನವರಲ್ಲಿ 24ಕ್ಕೆ ಬುಶ್ (ಒಳಕೊಳವೆ) ಹಾಕಿಸಿ, ಕೀ ದಾರಿ ಹೊಸದಾಗಿ ಕೊರೆಸಿ. ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆದು ಏರಿಸಬೇಡಿ. ಆ ಪೆಟ್ಟು ಬೇರಿಂಗಿನ ಗೋಲಿಗಳಿಗೆ ಹೋಗುತ್ತದೆ, ಹೊಸ ಮೋಟಾರ್ ಆಗಲೇ ಗುರ್ ಅನ್ನತೊಡಗುತ್ತದೆ.

ಎರಡೂ ಪುಲ್ಲಿಯ ಮುಖಕ್ಕೆ ನೇರ ಪಟ್ಟಿ ಹಿಡಿದು ಒಂದೇ ಸಾಲಿಗೆ ತನ್ನಿ. ಶಾಫ್ಟ್‌ಗಳ ನಡುವೆ 45 ಸೆಂ.ಮೀ. ಅಂತರವಿದ್ದರೆ ಬೆಲ್ಟನ್ನು ಮಧ್ಯದಲ್ಲಿ ಬೆರಳಿಂದ ಒತ್ತಿದಾಗ 7 ಮಿ.ಮೀ. ತಗ್ಗಬೇಕು. ಇನ್ನೂ ಬಿಗಿದರೆ ಬೇರಿಂಗ್ ಹೋಗುತ್ತದೆ, ಸಡಿಲ ಬಿಟ್ಟರೆ ದಪ್ಪ ಮತ್ತಿಯ ಹಲಗೆ ಕೊಯ್ಯುವಾಗ ಜಾರಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಮೋಟಾರ್ ಪೂರ್ತಿ ಮುಚ್ಚಿದ ಮೈಯದ್ದೇ ಇರಲಿ. ತೆರೆದ ಮೋಟಾರಿನೊಳಗೆ ಹೊಟ್ಟು ಸೇರಿ ಸ್ವಿಚ್ಚಿನ ಪಾಯಿಂಟುಗಳ ನಡುವೆ ಕೂತುಬಿಡುತ್ತದೆ.

ಪ್ರಶ್ನೆ: ಟೇಬಲ್ ಸಾಗೆ ಹೊಸ 2 ಎಚ್‌ಪಿ ಮೋಟಾರ್ ಹಾಕಿದ್ದೇವೆ. ಬೆಳಿಗ್ಗೆ ಚೆನ್ನಾಗಿ ತಿರುಗುತ್ತದೆ, ಸಂಜೆ ಗುಂಯ್ ಅಂದು ನಿಂತು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್ಚು) ಬೀಳುತ್ತದೆ. ಮೀಟರಿನಿಂದ ಮಷೀನಿಗೆ 30 ಮೀಟರ್, ವೈರ್ 1.5 ಎಂಎಂ. ಕಂಡೆನ್ಸರ್ (ಮೋಟಾರ್ ಚಾಲೂ ಆಗಲು ನೆರವಾಗುವ ಭಾಗ) ಬದಲಿಸೋಣವೇ?
– ಓದುಗರು, ಬೆಟಗೇರಿ

ಉತ್ತರ: ಕಂಡೆನ್ಸರಿಗೆ ಮೊದಲು ವೈರ್ ಬದಲಿಸಿ. ಚಾಲೂ ಆಗುವ ಗಳಿಗೆಯಲ್ಲಿ ಈ ಮೋಟಾರ್ 50 ಆಂಪಿಯರಿಗೂ ಮೀರಿ ಎಳೆಯುತ್ತದೆ. 30 ಮೀಟರ್ ಹೋಗಿ ಬರುವ 1.5 ಎಂಎಂ ತಾಮ್ರದ ವೈರಿನಲ್ಲೇ ಆಗ 36 ವೋಲ್ಟ್ ಸೋರಿಹೋಗುತ್ತದೆ. ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುವುದರಿಂದ 230 ಇದ್ದದ್ದು 190 ಆದರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತು. 4 ಎಂಎಂ ವೈರ್ ಎಳೆದರೆ ಸೋರಿಕೆ 14 ವೋಲ್ಟಿಗೆ ಇಳಿಯುತ್ತದೆ. ಸಂಜೆ ಮೀಟರಿನ ಹತ್ತಿರವೇ 216ಕ್ಕಿಂತ ಕಡಿಮೆ ತೋರಿಸಿದರೆ ಹೆಸ್ಕಾಂಗೆ ಬರೆದು ಕೊಡಿ.

ಬರೀ ಎಂಸಿಬಿಯಿಂದ ಮಷೀನ್ ನಡೆಸುತ್ತಿದ್ದರೆ ದಯವಿಟ್ಟು ಸ್ಟಾರ್ಟರ್ ಹಾಕಿಸಿ, ನೋ ವೋಲ್ಟ್ ಕಾಯಿಲ್ (ಕರೆಂಟ್ ಹೋದರೆ ಸ್ವಿಚ್ ಬಿಡಿಸುವ ಸುರುಳಿ) ಇರುವಂಥದ್ದು. ಕರೆಂಟ್ ಹೋಗಿ ಬಂದಾಗ ಬ್ಲೇಡು ತಾನಾಗಿ ತಿರುಗಬಾರದು. ಅಷ್ಟು ಹೊತ್ತಿಗೆ ಕೈ ಅಲ್ಲಿ ಕಟ್ಟಿಗೆ ಚೂರು ತೆಗೆಯುತ್ತಿರುತ್ತದೆ. ಓವರ್‌ಲೋಡ್ ರಿಲೇಯನ್ನು (ಹೊರೆ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಭಾಗ) ಮೋಟಾರ್ ಪ್ಲೇಟಿನ ಆಂಪಿಯರಿಗೇ ಇಡಿ.

ಪ್ರಶ್ನೆ: ಟೇಬಲ್ ಸಾ ಮೋಟಾರಿಗೆ ರಿವೈಂಡಿಂಗ್ (ಹೊಸ ತಂತಿ ಸುತ್ತುವುದು) ಆದ ಮೇಲೆ ಬ್ಲೇಡು ಉಲ್ಟಾ ತಿರುಗುತ್ತಿದೆ.
– ಓದುಗರು, ಕಲಘಟಗಿ

ಉತ್ತರ: ಲೈನ್ ತೆಗೆದು, ಕಂಡೆನ್ಸರಿನ ಎರಡು ತುದಿಗೆ ಬಲ್ಬ್ ಹಿಡಿದು ಖಾಲಿ ಮಾಡಿ. ಸಿಂಗಲ್ ಫೇಸ್ ಮೋಟಾರಾದರೆ ಸ್ಟಾರ್ಟಿಂಗ್ ವೈಂಡಿಂಗಿನ (ಚಾಲೂ ಮಾಡುವ ಸುರುಳಿಯ) ಎರಡು ತುದಿಗಳನ್ನಷ್ಟೇ ಅದಲುಬದಲು ಮಾಡಿ. ತ್ರೀ ಫೇಸ್ ಮೋಟಾರಾದರೆ ಯಾವುದಾದರೂ ಎರಡು ಫೇಸ್. ಉಲ್ಟಾ ತಿರುಗಿದಾಗ ಬ್ಲೇಡಿನ ನಟ್ ಸಡಿಲಾಗಿರಬಹುದು. ಹಾಗಾಗಿ ಮೊದಲು ಬ್ಲೇಡ್ ಬಿಚ್ಚಿಟ್ಟು ಬರೀ ಶಾಫ್ಟ್ ತಿರುಗಿಸಿ ನೋಡಿ. ಮುಂದೆ ನಿಂತವರ ಕಡೆಯ ಹಲ್ಲು ಮೇಲಿನಿಂದ ಟೇಬಲ್ಲಿಗೆ ಇಳಿಯುವಂತೆ ತಿರುಗುತ್ತಿದ್ದರೆ ಬ್ಲೇಡ್ ಹಾಕಿ ನಟ್ ಬಿಗಿಯಿರಿ.