ಹಳೆಯ ಯಮಹಾ ಆರ್‌ಎಕ್ಸ್ 100 ಬೈಕಿಗೆ ಪಾಡ್ ಫಿಲ್ಟರ್ ಹಾಕಿಸಬೇಕೇ, ಮೂಲ ಏರ್ ಫಿಲ್ಟರ್ ಬಾಕ್ಸನ್ನೇ ಉಳಿಸಿಕೊಳ್ಳಬೇಕೇ?

ಫಿಲ್ಟರ್ ಬಾಕ್ಸ್ ಸೀಳಿದೆ, ಅದನ್ನು ಕಿತ್ತು ಪಾಡ್ (ಕಾರ್ಬ್ಯುರೇಟರಿನ ಬಾಯಿಗೇ ನೇರವಾಗಿ ಸಿಕ್ಕಿಸುವ ತೆರೆದ ಫಿಲ್ಟರ್) ಹಾಕಿದರೆ ಪಿಕಪ್ಪೂ ಹೆಚ್ಚುತ್ತದೆ ಎಂದು ನಿಮ್ಮ ಗ್ಯಾರೇಜಿನವರು ಹೇಳಿದ್ದಾರೆಂದು ಬರೆದಿದ್ದೀರಿ. ಇದೇ ಗಾಡಿಗೆ ಇದೇ ಮಾತನ್ನು ನನಗೂ ಹೇಳಿದ್ದರು, ನಾನು ಹಾಕಿಸಿಯೂ ಇದ್ದೆ.

ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು ಎಂಬಷ್ಟು ನನಗೆ ಗೊತ್ತಿತ್ತು. ಹಾಗಾಗಿ ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಎರಡು ನಂಬರ್ ದೊಡ್ಡದಕ್ಕೆ ಬದಲಾಯಿಸಿದೆ, ಊರೊಳಗೆ ಓಡಿಸಿ ಮನೆಗೆ ಬಂದು ಪ್ಲಗ್ ಬಿಚ್ಚಿ ನೋಡಿದೆ. ಒಳ್ಳೆಯ ಕಂದು ಬಣ್ಣವಿತ್ತು, ಗಾಳಿ-ಪೆಟ್ರೋಲಿನ ಮಿಶ್ರಣ ಸರಿಯಿರುವುದರ ಗುರುತು ಅದು; ಎಲ್ಲವೂ ಸರಿಯಾಗಿದೆ ಎಂದು ತೀರ್ಮಾನಿಸಿ ಹಾಸನದ ಕಡೆಗೆ ಹೊರಟೆ. ಕುಣಿಗಲ್ ದಾಟಿದ ಮೇಲೆ ರಸ್ತೆ ಖಾಲಿಯಿತ್ತು, ಆಕ್ಸಿಲರೇಟರನ್ನು ಅರ್ಧಕ್ಕೆ ಹಿಡಿದು ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಿದೆ. ಗಾಡಿ ಎಂದೂ ಇಲ್ಲದಷ್ಟು ಹಗುರಾಗಿ ಎಳೆಯತೊಡಗಿತು, ಎಂಜಿನ್ನಿನ ಸದ್ದಿನಲ್ಲಿ ತೆಳುವಾದ ತಗಡಿನ ದನಿಯೊಂದು ಸೇರಿಕೊಂಡಿತು, ಆಮೇಲೆ ಹಿಂದಿನ ಚಕ್ರ ಲಾಕ್ ಆಯಿತು. ಕ್ಲಚ್ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಬ್ಲಾಕ್ ಇಳಿಸಿದಾಗ ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಉದ್ದುದ್ದ ಗೀರುಗಳಿದ್ದವು, ಕರಗಿದ ಅಲ್ಯುಮಿನಿಯಂ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು, ರಿಂಗುಗಳು ಅಂಟಿ ಕುಳಿತಿದ್ದವು. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು. ಆಯಿಲ್ ಕಡಿಮೆಯಾಗಿರಬೇಕು ಎಂದು ಎಲ್ಲರೂ ಹೇಳಿದರು. ಆದರೆ ಟೂ-ಸ್ಟ್ರೋಕ್ ಎಂಜಿನ್ನಿಗೆ ಹಾಕುವ 2ಟಿ ಆಯಿಲಿನ ಟ್ಯಾಂಕ್ ತುಂಬಿತ್ತು, ಪಂಪೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ನಾನು ತಪ್ಪಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪಾಡ್ ಹಾಕಿಸುವ ಬಹುತೇಕರು ಇಲ್ಲೇ ಎಡವುತ್ತಾರೆ. ಮೇನ್ ಜೆಟ್ ಮುಖ್ಯವಾಗಿ ಕೆಲಸ ಮಾಡುವುದು ಆಕ್ಸಿಲರೇಟರನ್ನು ಮುಕ್ಕಾಲಿಗಿಂತ ಹೆಚ್ಚು ತಿರುಗಿಸಿದಾಗ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಪೆಟ್ರೋಲನ್ನು ಅಳೆದು ಕೊಡುವುದು ಸ್ಲೈಡಿನ (ಆಕ್ಸಿಲರೇಟರ್ ತಿರುಗಿಸಿದಂತೆ ಮೇಲೇರುವ ಭಾಗದ) ನೀಡಲ್ ಎಂಬ ಮೊನಚು ಸೂಜಿ, ಅದಕ್ಕೂ ಕೆಳಗೆ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಮತ್ತು ಸ್ಲೈಡಿನ ಅಂಚಿನ ಕೊರೆತ. ನಾನು ನೀಡಲನ್ನು ಮುಟ್ಟಿಯೇ ಇರಲಿಲ್ಲ. ಹೆದ್ದಾರಿಯಲ್ಲಿ ನಾನು ಹಿಡಿದಿದ್ದ ಅರ್ಧ ಆಕ್ಸಿಲರೇಟರ್ ಪೂರ್ತಿಯಾಗಿ ನೀಡಲಿನ ಪಾಲಿನದು, ಅಲ್ಲಿ ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗಿಯೇ ಉಳಿದಿತ್ತು, ಅದರಿಂದಲೇ ಪಿಸ್ಟನ್ ವಿಪರೀತ ಕಾದು ಹಿಡಿದುಕೊಂಡಿತು. ಇನ್ನು ಪ್ಲಗ್ಗಿನ ಬಣ್ಣ: ಟ್ರಾಫಿಕ್ಕಿನಲ್ಲಿ ನಿಧಾನವಾಗಿ ಬಂದು, ಮನೆಯ ಮುಂದೆ ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ ಬಿಟ್ಟು, ಆಮೇಲೆ ಬಿಚ್ಚಿದ ಪ್ಲಗ್ ಪೈಲಟ್ ಜೆಟ್ಟಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹೆದ್ದಾರಿಗೆ ಆ ಕಂದು ಬಣ್ಣ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಬಾಕ್ಸ್ ತೆಗೆದರೆ ಲೀನ್ ಆಗುವುದೇಕೆಂದರೆ, ಕಾರ್ಬ್ಯುರೇಟರಿನಡಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಹೊರಗಿನ ಗಾಳಿಗೆ ತೆರೆದಿರುತ್ತದೆ, ಆದರೆ ಕಾರ್ಬ್ಯುರೇಟರಿನ ಬಾಯಿ ಬಾಕ್ಸಿನೊಳಗಿನ ಗಾಳಿಯನ್ನು ಎಳೆಯುತ್ತದೆ. ಬಾಕ್ಸಿನ ಕಿರಿದಾದ ಬಾಯಿ ಮತ್ತು ಫೋಮ್ ಒಡ್ಡುವ ತಡೆಯಿಂದ ಒಳಗಿನ ಒತ್ತಡ ಹೊರಗಿಗಿಂತ ಒಂದಿಷ್ಟು ಕಡಿಮೆ ಇರುತ್ತದೆ, ಆ ವ್ಯತ್ಯಾಸವೂ ಜೆಟ್ಟಿನಿಂದ ಪೆಟ್ರೋಲನ್ನು ಮೇಲೆತ್ತುತ್ತದೆ; ಬಾಕ್ಸ್ ಹೋದರೆ ಆ ನೆರವೂ ಹೋಗುತ್ತದೆ. ಕಾರ್ಖಾನೆಯವರು ಜೆಟ್ಟು, ನೀಡಲು ಎಲ್ಲವನ್ನೂ ಆ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಆರಿಸಿರುತ್ತಾರೆ. ಅಂದರೆ ಬಾಕ್ಸ್ ಕೂಡ ಕಾರ್ಬ್ಯುರೇಟರಿನದೇ ಒಂದು ಭಾಗ.

ಆದ್ದರಿಂದ ಎರಡರಲ್ಲಿ ಯಾವುದಕ್ಕೆ ಪಿಕಪ್ ಹೆಚ್ಚು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿದ್ದ ಈ ಎಂಜಿನ್ ಇದೇ ಬಾಕ್ಸಿನ ಮೂಲಕವೇ ಉಸಿರಾಡುತ್ತಿತ್ತು. ಗಾಡಿಯ ಉತ್ಪಾದನೆ ನಿಂತದ್ದು 1996ರಲ್ಲಿ, ನಿಮ್ಮದರ ರಬ್ಬರುಗಳಿಗೂ ಅಷ್ಟೇ ವಯಸ್ಸಾಗಿರಬಹುದು. ಈಗ ಎಳೆತ ಕಡಿಮೆಯಾಗಿದ್ದರೆ ಕಾರ್ಬನ್ ಕಟ್ಟಿದ ಸೈಲೆನ್ಸರ್, ತುದಿ ಮುರಿದ ರೀಡ್ ವಾಲ್ವ್ (ಮಿಶ್ರಣವನ್ನು ಎಂಜಿನ್ನಿನೊಳಕ್ಕೆ ಮಾತ್ರ ಬಿಡುವ ತೆಳು ಎಲೆ), ಸೀಳು ಬಿಟ್ಟ ಇನ್‌ಟೇಕ್ ರಬ್ಬರ್, ಧೂಳು ತುಂಬಿದ ಫೋಮ್, ಇವನ್ನು ಮೊದಲು ನೋಡಿಸಿ. ಹಳೆಯ ಗಾಡಿಯಿಂದ ಬಿಚ್ಚಿದ್ದಾದರೂ ಸರಿ, ಸೀಳಿಲ್ಲದ ಬಾಕ್ಸೊಂದನ್ನು ಹುಡುಕಿ ಹಾಕಿಸಿ. ಫೋಮನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಎಂಜಿನ್ ಆಯಿಲ್ ಸವರಿ ಚೆನ್ನಾಗಿ ಹಿಂಡಿ ಕೂರಿಸಿ. ಮಳೆಯಲ್ಲೂ ಮಣ್ಣಿನ ರಸ್ತೆಯಲ್ಲೂ ಸೀಟಿನಡಿಯ ಬಾಕ್ಸಿಗೆ ಸಿಗುವ ರಕ್ಷಣೆ ಬಯಲಿನಲ್ಲಿ ನಿಂತ ಪಾಡಿಗೆ ಸಿಗುವುದಿಲ್ಲ.

ಬಾಕ್ಸ್ ಸಿಗಲೇ ಇಲ್ಲವೆಂದಾದರೆ ಮಾತ್ರ ಪಾಡ್ ಹಾಕಿಸಿ. ಆಗ ಅಗತ್ಯಕ್ಕಿಂತ ದೊಡ್ಡ ಮೇನ್ ಜೆಟ್ಟಿನಿಂದ ಆರಂಭಿಸಿ ಒಂದೊಂದೇ ನಂಬರ್ ಇಳಿಯುತ್ತಾ ಬನ್ನಿ. ನೀಡಲಿನ ಮೇಲ್ತುದಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿ, ಆಗ ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಆಕ್ಸಿಲರೇಟರಿನ ಹಿಡಿಕೆಗೆ ಟೇಪು ಅಂಟಿಸಿ ಅರ್ಧ ಮತ್ತು ಪೂರ್ತಿ ಎಲ್ಲಿ ಬರುತ್ತದೆಂದು ಗುರುತು ಮಾಡಿ. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಅರ್ಧದ ಗುರುತಿನಲ್ಲೇ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಕೀ ಆಫ್ ಮಾಡಿ, ನಿಂತಲ್ಲೇ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ಗಿನ ತುದಿಯ ಪಿಂಗಾಣಿ ಬೆಳ್ಳಗಿದ್ದರೆ ಮಿಶ್ರಣ ಇನ್ನೂ ಲೀನ್ ಎಂದರ್ಥ; ಮುಂದಕ್ಕೆ ಓಡಿಸಬೇಡಿ, ಕ್ಲಿಪ್ಪನ್ನು ಇನ್ನೂ ಒಂದು ಕಚ್ಚು ಇಳಿಸಿ. ಪೂರ್ತಿ ಆಕ್ಸಿಲರೇಟರಿನ ಪರೀಕ್ಷೆಯನ್ನು ಇನ್ನೊಂದು ಹೊಸ ಪ್ಲಗ್ಗಿನಲ್ಲಿ ಬೇರೆಯಾಗಿಯೇ ಮಾಡಿ.