ಆರ್ಕಿಯಾಗಳಿಗೆ ಸಾಮಾನ್ಯ ಪರಿಸರದಲ್ಲಿ ಏನು ಕೆಲಸ?

ಪ್ರಶ್ನೆ: ಆರ್ಕಿಯಾಗಳು ಕುದಿಯುವ ಬುಗ್ಗೆ, ಅತಿಯಾದ ಉಪ್ಪಿನ ಸರೋವರದಂಥ ಕಡೆ ಮಾತ್ರ ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಎಂದು ಓದಿದ್ದೇನೆ. ಉಳಿದ ಪರಿಸರದಲ್ಲಿ ಅವುಗಳಿಗೆ ಏನಾದರೂ ಪಾತ್ರವಿದೆಯೇ?

ಉತ್ತರ: ನೀವು ಓದಿದ ಮಾತು ಸರಿಯಲ್ಲ, ಆದರೂ ಅದು ಪಠ್ಯಗಳಲ್ಲಿ ಉಳಿದುಕೊಂಡಿರುವುದಕ್ಕೆ ಚಾರಿತ್ರಿಕ ಕಾರಣವಿದೆ. ಸೂಕ್ಷ್ಮದರ್ಶಕದಡಿ ಆರ್ಕಿಯಾಗಳೂ ಬ್ಯಾಕ್ಟೀರಿಯಾಗಳೂ ಹೆಚ್ಚುಕಡಿಮೆ ಒಂದೇ ರೀತಿಯ ಗುಂಡು, ಕಡ್ಡಿಗಳಾಗಿ ಕಾಣುತ್ತವೆ, ಎರಡರಲ್ಲೂ ಕೋಶಕೇಂದ್ರವಿಲ್ಲ. ಆದ್ದರಿಂದ ಬಹುಕಾಲ ಎರಡನ್ನೂ ಒಂದೇ ಗುಂಪಿಗೆ ಸೇರಿಸಲಾಗಿತ್ತು. 1977ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಆಕಾರವನ್ನು ಬದಿಗಿಟ್ಟು, ಪ್ರತಿಯೊಂದು ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದಾಗ, ಇಂದು ಆರ್ಕಿಯಾಗಳ ಗುಂಪಿಗೆ ಸೇರಿಸಲಾಗಿರುವ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಾಗಳ ವಂಶಕ್ಕೆ ಸೇರಿದವೇ ಅಲ್ಲವೆಂದು ತಿಳಿದುಬಂತು. ಕೋಶಪೊರೆಯ ರಸಾಯನವೂ ಇದನ್ನೇ ಹೇಳುತ್ತದೆ: ಬ್ಯಾಕ್ಟೀರಿಯಾಗಳಲ್ಲಿ ಪೊರೆಯ ಕೊಬ್ಬಿನ ಸರಪಳಿಗಳನ್ನು ಸಾಮಾನ್ಯವಾಗಿ ಎಸ್ಟರ್ ಬಂಧ ಹಿಡಿದಿಟ್ಟರೆ, ಆರ್ಕಿಯಾಗಳಲ್ಲಿ ಆ ಕೆಲಸವನ್ನು ಹೆಚ್ಚು ಗಟ್ಟಿಯಾದ ಈಥರ್ ಬಂಧ ಮಾಡುತ್ತದೆ.

ಪ್ರಯೋಗಾಲಯದಲ್ಲಿ ಮೊದಮೊದಲು ಬೆಳೆಸಲು ಸಾಧ್ಯವಾದ ಆರ್ಕಿಯಾಗಳಲ್ಲಿ ಬಿಸಿಯನ್ನೋ ಉಪ್ಪನ್ನೋ ಆಮ್ಲವನ್ನೋ ಬಯಸುವವೇ ಹೆಚ್ಚಾಗಿದ್ದವು. ಸಮುದ್ರತಳದ ಬಿಸಿ ದ್ವಾರಗಳಲ್ಲಿ ಸಿಕ್ಕ ಮೆಥನೊಪೈರಸ್ ಎಂಬ ಆರ್ಕಿಯಾದ ಒಂದು ತಳಿ ಹೆಚ್ಚಿನ ಒತ್ತಡದಲ್ಲಿ 122 ಡಿಗ್ರಿ ಸೆಲ್ಸಿಯಸ್‌ನಲ್ಲೂ ವೃದ್ಧಿಯಾಗುತ್ತದೆ. ಇಂಥ ಸಂಗತಿಗಳು ಒಮ್ಮೆ ಕೇಳಿದರೆ ಮರೆಯುವಂಥವಲ್ಲ. ಇಡೀ ಗುಂಪಿನ ಚಿತ್ರ ಇವುಗಳ ಸುತ್ತಲೇ ನಿಂತುಬಿಟ್ಟಿತು.

ಆ ಚಿತ್ರ ಬದಲಾದದ್ದು ಸಮುದ್ರದ ಸಾಧಾರಣ ನೀರಿನಿಂದ. 1992ರಲ್ಲಿ ಇಬ್ಬರು ವಿಜ್ಞಾನಿಗಳು, ಎಡ್ವರ್ಡ್ ಡಿಲಾಂಗ್ ಮತ್ತು ಜೆಡ್ ಫರ್ಮನ್, ತಮ್ಮ ತಮ್ಮ ಸಹೋದ್ಯೋಗಿಗಳೊಂದಿಗೆ ಬೇರೆಬೇರೆಯಾಗಿ ಸಮುದ್ರದ ನೀರಿನ ವಂಶವಾಹಿ ಅಂಶಗಳನ್ನು ಪರೀಕ್ಷಿಸಿದಾಗ, ತಣ್ಣಗಿನ, ಆಮ್ಲಜನಕವಿರುವ ನೀರಿನಲ್ಲೇ ಆರ್ಕಿಯಾಗಳ ಗುರುತು ಸಿಕ್ಕಿತು. 2001ರ ಒಂದು ಅಂದಾಜಿನಂತೆ ಸಾಗರಗಳ ಅತಿ ಸಣ್ಣ ತೇಲುಜೀವಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಆರ್ಕಿಯಾಗಳೇ. ಇಷ್ಟೊಂದು ಸಂಖ್ಯೆಯಲ್ಲಿರುವ ಜೀವಿಗಳು ಏನನ್ನು ಉಂಡು ಬದುಕುತ್ತವೆ ಎಂಬ ಪ್ರಶ್ನೆಗೆ ಉತ್ತರ 2005ರಲ್ಲಿ ದೊರೆಯಿತು. ಅಮೆರಿಕದ ಸಿಯಾಟಲ್‌ನ ಅಕ್ವೇರಿಯಂ ಒಂದರ ತೊಟ್ಟಿಯಿಂದ ಬೇರ್ಪಡಿಸಿದ ನೈಟ್ರೊಸೊಪ್ಯುಮಿಲಸ್ ಎಂಬ ಆರ್ಕಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸಿ, ಅದರಿಂದ ಬರುವ ಶಕ್ತಿಯಲ್ಲೇ ಇಂಗಾಲದ ಡೈಆಕ್ಸೈಡನ್ನು ಹಿಡಿದು ದೇಹ ಕಟ್ಟಿಕೊಳ್ಳುತ್ತಿತ್ತು.

ಇದರ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಸತ್ತ ಜೀವಿಗಳ ಪ್ರೋಟೀನ್ ಕೊಳೆತಾಗ ಸಾರಜನಕವು ಅಮೋನಿಯಾ ರೂಪದಲ್ಲಿ ಹೊರಬರುತ್ತದೆ. ಅದು ನೈಟ್ರೈಟ್ ಆಗಿ, ನೈಟ್ರೇಟ್ ಆಗಿ ಬದಲಾಗುವ ಹಾದಿಯ ಮೊದಲ ಹೆಜ್ಜೆಯೇ ನಿಧಾನವಾದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟಂದಿನಿಂದ ಈ ಹೆಜ್ಜೆಯನ್ನು ಬ್ಯಾಕ್ಟೀರಿಯಾಗಳ ಲೆಕ್ಕಕ್ಕೇ ಬರೆಯಲಾಗುತ್ತಿತ್ತು. ಆದರೆ ತೆರೆದ ಸಾಗರದಲ್ಲಿ ಅಮೋನಿಯಾ ಎಷ್ಟು ವಿರಳವೆಂದರೆ, ಪ್ರಯೋಗಾಲಯದಲ್ಲಿ ಬೆಳೆಯುವ ಅಂಥ ಬ್ಯಾಕ್ಟೀರಿಯಾಗಳಿಗೆ ಅದು ಸಾಲದು. ಸಾಗರದ ಆರ್ಕಿಯಾಗಳಿಗೆ ಅಷ್ಟು ಅಲ್ಪ ಪ್ರಮಾಣವೂ ಸಾಕು. 2006ರಲ್ಲಿ ಮಣ್ಣಿನ ಮಾದರಿಗಳಲ್ಲೂ ಅಮೋನಿಯಾ ಉತ್ಕರ್ಷಿಸುವ ವಂಶವಾಹಿಯ ಆರ್ಕಿಯಾ ರೂಪವೇ ಬ್ಯಾಕ್ಟೀರಿಯಾ ರೂಪಕ್ಕಿಂತ ಹೇರಳವಾಗಿರುವುದು ಕಂಡುಬಂತು. ಹೇರಳವಾಗಿದ್ದ ಮಾತ್ರಕ್ಕೆ ಹೆಚ್ಚು ಕೆಲಸವೂ ಅವುಗಳದ್ದೇ ಎಂದು ತೀರ್ಮಾನಿಸಬಾರದು. ಗೊಬ್ಬರದಿಂದ ಅಮೋನಿಯಾ ತುಂಬಿಕೊಂಡ ಮಣ್ಣಿನಲ್ಲಿ ಹಲವು ಬಾರಿ ಬ್ಯಾಕ್ಟೀರಿಯಾಗಳದ್ದೇ ಮೇಲುಗೈ. ಹೀಗಾಗಿ ಆರ್ಕಿಯಾಗಳ ನೆಲೆಯನ್ನು ಬಿಸಿ, ಉಪ್ಪುಗಳಿಂದ ಗುರುತಿಸುವುದಕ್ಕಿಂತ ಶಕ್ತಿಯ ಬಡತನದಿಂದ ಗುರುತಿಸುವುದು ಹೆಚ್ಚು ಸರಿ ಎಂಬ ವಾದ ನನಗೆ ಒಪ್ಪಿಗೆಯಾಗುತ್ತದೆ.

ಪ್ರಶ್ನೆ: ಹಸುಗಳ ಹೊಟ್ಟೆಯಲ್ಲಿ ಮೀಥೇನ್ ತಯಾರಿಸುವುದು ಆರ್ಕಿಯಾಗಳಂತೆ. ಅವುಗಳನ್ನು ಪೂರ್ತಿಯಾಗಿ ನಾಶಮಾಡಿದರೆ ತೊಂದರೆಯೇನು?

ಉತ್ತರ: ಆ ಆರ್ಕಿಯಾಗಳು ಅಲ್ಲಿ ಒಂಟಿಯಾಗಿ ಬದುಕುವುದಿಲ್ಲ ಎಂಬಲ್ಲಿಂದ ಆರಂಭಿಸಬೇಕು. ಹಸುವಿನ ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್‌ನಲ್ಲಿ ಹುಲ್ಲಿನ ನಾರನ್ನು ಒಡೆಯುವುದು ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಪ್ರೋಟೊಜೋವಾಗಳು. ಅದರಿಂದ ಹಸುವಿಗೆ ಆಹಾರವಾಗುವ ಕೊಬ್ಬಿನಾಮ್ಲಗಳ ಜೊತೆಗೆ ಜಲಜನಕವೂ ಹುಟ್ಟುತ್ತದೆ. ಜಲಜನಕ ಶೇಖರವಾಗುತ್ತಾ ಹೋದಂತೆ ಹುದುಗುವಿಕೆಯೇ ಕುಂಠಿತವಾಗುತ್ತದೆ. ಆರ್ಕಿಯಾಗಳು ಅದನ್ನು ಇಂಗಾಲದ ಡೈಆಕ್ಸೈಡಿನೊಡನೆ ಸೇರಿಸಿ ಮೀಥೇನ್ ಮಾಡಿ ಹೊರದೂಡುವುದರಿಂದ ಉಳಿದವರ ಕೆಲಸ ಸಾಗುತ್ತದೆ.

ಈ ಅವಲಂಬನೆ ಎಷ್ಟು ಗಾಢವೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಮದ್ಯಸಾರವನ್ನು ಮೀಥೇನ್ ಆಗಿಸುವ ಒಂದೇ ಜೀವಿಯೆಂದು ದಶಕಗಳ ಕಾಲ ನಂಬಿ ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ ಒಂದು ಸೂಕ್ಷ್ಮಜೀವಿ ಕೃಷಿಯಲ್ಲಿ ವಾಸ್ತವವಾಗಿ ಎರಡು ಜೀವಿಗಳಿವೆಯೆಂದು 1967ರಲ್ಲಿ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದರಲ್ಲಿದ್ದ ಬ್ಯಾಕ್ಟೀರಿಯಾ ಮದ್ಯಸಾರದಿಂದ ಅಸಿಟೇಟ್ ಮತ್ತು ಜಲಜನಕ ಮಾಡುತ್ತಿತ್ತು. ಇಂದು ನಾವು ಆರ್ಕಿಯಾ ಎನ್ನುವ ಇನ್ನೊಂದು ಆ ಜಲಜನಕವನ್ನು ಬಳಸುತ್ತಿತ್ತು. ಅದು ಹಾಗೆ ಬಳಸದೆ ಹೋದರೆ ಮೊದಲನೆಯದು ಮದ್ಯಸಾರದ ಮೇಲೆ ಚೆನ್ನಾಗಿ ಬೆಳೆಯಲಾರದು. ಎರಡನ್ನು ಒಂದೆಂದು ಭ್ರಮಿಸುವಷ್ಟು ಹೊಂದಿಕೊಂಡ ಈ ಬದುಕು ನನಗೆ ಇಂದಿಗೂ ಬೆರಗು ತರುತ್ತದೆ.

ಜೌಗುನೆಲದಲ್ಲಿ, ಗೆದ್ದಲಿನ ಕರುಳಿನಲ್ಲಿ, ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಸಮುದ್ರತಳದ ಕೆಸರಿನಲ್ಲಿ ಇದರ ತಿರುವುಮುರುವು ಕ್ರಿಯೆಯಿದೆ: ಅಲ್ಲಿನ ಕೆಲವು ಆರ್ಕಿಯಾಗಳು ಮೀಥೇನ್ ತಯಾರಿಕೆಯ ಕಿಣ್ವವನ್ನೇ ಹಿಮ್ಮುಖವಾಗಿ ನಡೆಸಿ, ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳ ಜೊತೆಗೂಡಿ, ಕೆಳಗಿನಿಂದ ಮೇಲೇರುವ ಮೀಥೇನಿನ ಬಹುಪಾಲನ್ನು ನೀರಿಗೆ ಸೇರುವ ಮೊದಲೇ ಬಳಸಿಬಿಡುತ್ತವೆ. ಆರ್ಕಿಯಾಗಳೆಲ್ಲ ಹವಾಮಾನಕ್ಕೆ ಹಾನಿಕರವೆಂದು ಹೇಳಲು ಬಾರದು.

ಮೀಥೇನನ್ನು ತಗ್ಗಿಸುವ ಪ್ರಯತ್ನ ಅಗತ್ಯವೇ. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪನ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27ರಿಂದ 30 ಪಟ್ಟು ಹೆಚ್ಚು. ಮೇವಿನಲ್ಲಿ ಬೆರೆಸುವ ನೈಟ್ರೋಆಕ್ಸಿಪ್ರೊಪನಾಲ್ ಎಂಬ ರಾಸಾಯನಿಕ ಮೀಥೇನ್ ತಯಾರಿಕೆಯ ಆ ಕಿಣ್ವವನ್ನು ತಡೆದು, ಹಾಲು ಕೊಡುವ ಹಸುಗಳಲ್ಲಿ ಮೀಥೇನನ್ನು ಸರಾಸರಿ ಶೇಕಡಾ 30ರಷ್ಟು ಇಳಿಸುತ್ತದೆ. ಆಗ ಬಳಕೆಯಾಗದೆ ಉಳಿದ ಜಲಜನಕದಲ್ಲಿ ಸ್ವಲ್ಪ ಭಾಗ ತೇಗಿನೊಂದಿಗೇ ಹೊರಹೋಗುವುದನ್ನು ಅಳೆದು ನೋಡಿದ್ದಾರೆ. ಆ ಜಲಜನಕವನ್ನು ಹಸುವಿಗೆ ದಕ್ಕುವ ಪ್ರೊಪಿಯೊನೇಟ್‌ನಂಥ ಆಮ್ಲಗಳ ಕಡೆಗೆ ತಿರುಗಿಸಬಲ್ಲ ಬ್ಯಾಕ್ಟೀರಿಯಾಗಳು ರೂಮೆನ್‌ನಲ್ಲೇ ಇವೆ. ಆರ್ಕಿಯಾಗಳನ್ನು ತಡೆಯುವುದರ ಜೊತೆಗೆ ಆ ಬ್ಯಾಕ್ಟೀರಿಯಾಗಳನ್ನು ಬಲಪಡಿಸುವ ದಾರಿಯನ್ನೂ ಹುಡುಕಬೇಕಾಗಿದೆ.